ಇಸಾರು ಕೊಡೋ ಮೊದಲು ಖಾಸ್ರಾ ನೋಡ್ರಿ

ನಮ್ಮ ಕಲಬುರಗಿ ಕಡೆ ಮನೆ, ಪ್ಲಾಟಿನ ವ್ಯವಹಾರ ಉಲ್ಟಾ ನಡೆಯುತ್ತದೆ. ದಲ್ಲಾಳಿ ಜೊತೆ ಹೋಗಿ ನೋಡೋದು, ರೇಟು ಕುದುರಿಸೋದು, ಅವತ್ತೇ ಲಕ್ಷಗಟ್ಟಲೆ ಇಸಾರು (ಮುಂಗಡ ಹಣ) ಕೊಟ್ಟು ಬಾಂಡ್ ಬರೆಸೋದು. ವಕೀಲರ ಹತ್ತಿರ ಕಾಗದ ಒಯ್ಯೋದು ಎಲ್ಲಾ ಮುಗಿದ ಮೇಲೆ. ಆಗ ದೋಷ ಸಿಕ್ಕರೂ ಬಾಯಿ ಬಿಡೋ ಹಾಗಿಲ್ಲ, ದುಡ್ಡು ಆಗಲೇ ಆ ಕಡೆ ಹೋಗಿರುತ್ತದೆ. ಕೊಡಲೇಬೇಕಾದರೆ ಹತ್ತಿಪ್ಪತ್ತು ಸಾವಿರ ಚೆಕ್ಕಿನಲ್ಲಿ ಕೊಡಿ, ಕಾಗದದಲ್ಲಿ ದೋಷ ಕಂಡರೆ 15 ದಿನದಲ್ಲಿ ವಾಪಸ್ ಅಂತ ಬರೆಸಿಕೊಳ್ಳಿ. ಇದಕ್ಕೆ ಒಪ್ಪದವರ ಮನೆ ಎಷ್ಟೇ ಚಂದ ಇರಲಿ, ಬಿಟ್ಟುಬಿಡಿ.

"ಎನ್‌ಎ ಆಗ್ಯದ್ರಿ" ಅನ್ನೋದು ಇಲ್ಲಿ ಮಂತ್ರ. ಸೇಡಂ ರೋಡಿರಲಿ, ಹುಮನಾಬಾದ್ ರೋಡಿರಲಿ, ಅದೊಂದು ಮಾತಿಗೆ ಅರ್ಧ ಜನ ತಲೆಯಾಡಿಸುತ್ತಾರೆ. ಎನ್‌ಎ ಅಂದರೆ ಜಿಲ್ಲಾಧಿಕಾರಿ ಭೂಪರಿವರ್ತನೆ ಮಾಡಿಕೊಟ್ಟಿದ್ದಾರೆ, ಹೊಲದಲ್ಲಿ ಮನೆ ಕಟ್ಟಬಹುದು ಅಂತ ಅಷ್ಟೇ. ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಬೇರೆ, ಪ್ಲಾಟು ಬಿಡುಗಡೆ ಆದೇಶ ಬೇರೆ, ರಸ್ತೆ ಮತ್ತು ಉದ್ಯಾನದ ಜಾಗ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಕಾಗದ ಬೇರೆ. 500 ಚದರ ಮೀಟರ್ ದಾಟಿದ ಹೊಸ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ಇವಿಲ್ಲದ ಪ್ಲಾಟು ಕೊಂಡರೆ ಮುಂದೆ ಬ್ಯಾಂಕ್ ಸಾಲಕ್ಕೂ ಕಟ್ಟಡ ಪರವಾನಗಿಗೂ ಅಲೆಯಬೇಕಾಗುತ್ತದೆ.

ನಮ್ಮದು ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ. ಹಾಗಾಗಿ ಹಳೇ ಕಾಗದ ಉರ್ದುವಿನಲ್ಲೋ ಮೋಡಿ ಲಿಪಿಯಲ್ಲೋ ಇರುತ್ತದೆ, ಅದನ್ನು ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಜಮೀನಿನ ಬೇರು ಅಲ್ಲೇ ಇರುತ್ತದೆ. 1954-55ರ ಖಾಸ್ರಾ ಪಹಣಿ (ಆಗಿನ ಜಮೀನು ದಾಖಲೆ) ತೆಗೆಸಿ, ಆಗ ಯಾರ ಹೆಸರಿತ್ತು, ಅದು ಇನಾಮೋ (ದಾನವಾಗಿ ಬಂದದ್ದು) ಪಟ್ಟಾವೋ (ಸ್ವಂತ ಹಕ್ಕಿನದು) ನೋಡಿ. ಅಲ್ಲಿಂದ ಇವತ್ತಿನ ಮಾಲೀಕನವರೆಗೆ ಮ್ಯುಟೇಶನ್ (ಹಕ್ಕು ಬದಲಾವಣೆ) ಸರಪಳಿ ತುಂಡಾಗದೆ ಬರಬೇಕು. ಈಗಿನ ಪಹಣಿಯ 11ನೇ ಕಾಲಂ ಓದದೆ ಮುಂದೆ ಹೋಗಬೇಡಿ. ಸಾಲ, ತಡೆಯಾಜ್ಞೆ, ವಕ್ಫ್ ನಮೂದು ಕಾಣಿಸಿಕೊಳ್ಳುವುದು ಅಲ್ಲೇ. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಅನುಮತಿ ಇಲ್ಲದೆ ಮಾರಿದ್ದರೆ, 2023ರ ತಿದ್ದುಪಡಿ ಆದಮೇಲೆ, ಎಷ್ಟು ವರ್ಷದ ಹಿಂದಿನದಾದರೂ ವಾಪಸ್ ಕೇಳಬಹುದು.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಎಣಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಗಂಡುಮಕ್ಕಳಷ್ಟೇ ಪಾಲು. "ಅಕ್ಕನಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಅನ್ನೋದು ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ, ಸಹಿ ಬೇಕು. ಮುಸ್ಲಿಂ ಕುಟುಂಬಗಳಲ್ಲಿ ಬಾಯಿಮಾತಿನ ಹಿಬಾಕ್ಕೂ (ದಾನಕ್ಕೂ) ಬೆಲೆ ಇದೆ. ಅದು ನೋಂದಣಿ ಆಗಿರಲೇಬೇಕು ಅಂತಿಲ್ಲ, ಹಾಗಾಗಿ ಮನೆಯಲ್ಲಿ ಯಾರು ಕೂತಿದ್ದಾರೆ, ಯಾವ ಹಕ್ಕಿನ ಮೇಲೆ ಕೂತಿದ್ದಾರೆ ಅಂತ ನೇರ ಕೇಳಿ.

ಇನ್ನು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಜನ ಇದನ್ನು ವಿಪರೀತ ನಂಬುತ್ತಾರೆ. ನೋಂದಣಿಯಾಗದ ಇಸಾರು ಪತ್ರ, ಉಯಿಲು, ಹಿಬಾ, ತೆರಿಗೆ ಬಾಕಿ ಇದರಲ್ಲಿ ಬರುವುದೇ ಇಲ್ಲ. ನಡೆಯುತ್ತಿರೋ ದಾವೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಮಾಲೀಕನ ಹೆಸರಿನ ಮೇಲೆ ಜಿಲ್ಲಾ ನ್ಯಾಯಾಲಯ ಮತ್ತು ಹೈಕೋರ್ಟ್ ಕಲಬುರಗಿ ಪೀಠದ ಪ್ರಕರಣ ಹುಡುಕಿಸಿ. ಮತ್ತೊಂದು ತಪ್ಪು ಬಹಳ ಆಗುತ್ತದೆ: ಪ್ಲಾಟ್ ನಂಬರಿನ ಮೇಲೆ ಮಾತ್ರ ಇಸಿ ತೆಗೆಸೋದು. ಲೇಔಟ್ ಆಗೋ ಮುಂಚಿನ ವ್ಯವಹಾರವೆಲ್ಲ ಸರ್ವೆ ನಂಬರಿನಲ್ಲಿ ದಾಖಲಾಗಿರುತ್ತದೆ. ಎರಡರ ಮೇಲೂ ತೆಗೆಸಿ. 2004ರ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ಮೂಲ ಖರೀದಿ ಪತ್ರ ಕಣ್ಣಾರೆ ನೋಡಿ. ಝೆರಾಕ್ಸ್ ಮಾತ್ರ ತೋರಿಸಿದರೆ ಮೂಲಪತ್ರ ಯಾವುದೋ ಬ್ಯಾಂಕಿನಲ್ಲೋ ಸಾಹುಕಾರನಲ್ಲೋ ಕೂತಿದೆ ಅಂತ ಅನುಮಾನ ಪಡಿ.

ಕಟ್ಟಿದ ಮನೆ ಕೊಳ್ಳುವವರು ಏಪ್ರಿಲ್-ಮೇನಲ್ಲಿ ಒಮ್ಮೆ ನೋಡಲೇಬೇಕು. ಕಲಬುರಗಿ, ಯಾದಗಿರಿಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆಳಕ್ಕೆ ಹೋಗದಿದ್ದರೆ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೇರೋ ಸೀಳು, ಅದೇ ಸೀಳು ಗೋಡೆಯ ಆಚೆ ಬದಿಯಲ್ಲೂ ಕಾಣೋದು, ಅಂಚು ತಿಕ್ಕಿ ಮುಚ್ಚಿಕೊಳ್ಳದ ಬಾಗಿಲು, ಗೋಡೆ ಪಕ್ಕದ ಫರ್ಸಿ ಗೋಡೆ ಬಿಟ್ಟು ಸರಿದಿರೋದು: ಇವು ಸೇರಿದರೆ ಎಂಜಿನಿಯರನ್ನು ಕರೆಸಿ. ಪ್ಲಾಸ್ಟರಿನ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಒಂದೇ ಗೋಡೆಗೆ ಹೊಸ ಪುಟ್ಟಿ ಬಡಿದಿದ್ದರೆ ಮಾತ್ರ ಯಾಕೆ ಅಂತ ಕೇಳಿ. ಪಾಯದ ಪಕ್ಕ ಶೌಚದ ಗುಂಡಿ, ಸೋರೋ ನೀರಿನ ಸಂಪು ಇದ್ದರೆ ಅಪಾಯ ಹೆಚ್ಚು, ಮಣ್ಣು ಒಂದೇ ಕಡೆ ಒದ್ದೆಯಾಗಿ ಮನೆ ವಾಲುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಕಡಿಮೆ.

ನೋಂದಣಿ ಖರ್ಚನ್ನು ಬಜೆಟ್ಟಿಗೆ ಸೇರಿಸೋದನ್ನೂ ಮರೆಯುತ್ತಾರೆ. ನಗರದಲ್ಲಿ 40 ಲಕ್ಷದ ಮನೆಗೆ ಮುದ್ರಾಂಕ ಶೇ 5, ಅಂದರೆ 2 ಲಕ್ಷ. ಅದರ ಮೇಲೆ ಸೆಸ್ 20 ಸಾವಿರ, ಸರ್‌ಚಾರ್ಜ್ 4 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ, ಹಾಗಾಗಿ 80 ಸಾವಿರ. ಒಟ್ಟು 3,04,000. ಇದನ್ನು ಉಳಿಸಲು ಪತ್ರದಲ್ಲಿ ಬೆಲೆ ಕಡಿಮೆ ಬರೆಸಿ ಅರ್ಧ ದುಡ್ಡು ನಗದಾಗಿ ಕೊಡುವವರಿದ್ದಾರೆ. ನಾಳೆ ವ್ಯವಹಾರ ಮುರಿದರೆ ಆ ದುಡ್ಡಿಗೆ ಸಾಕ್ಷಿ ಯಾರು? ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಆದಾಯ ತೆರಿಗೆ ಕಾನೂನೂ ಒಪ್ಪುವುದಿಲ್ಲ.

ಮಾರುವವರಿಗೂ ಎರಡು ಮಾತು. ಗಿರಾಕಿ ಬಂದ ಮೇಲೆ ಇ-ಖಾತಾಗೆ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಖಾತೆಗೆ) ಓಡಬೇಡಿ. ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಖಾತೆ, ಆಧಾರ್, ಖರೀದಿ ಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ, ಅಳತೆ ಮತ್ತು ಚೆಕ್ಕುಬಂದಿ ಹೊಂದುತ್ತವೆಯಾ ಮುಂಚೆಯೇ ನೋಡಿಕೊಳ್ಳಿ. ಪೂರ್ತಿ ಹಣ ಬರುವ ಮುಂಚೆ ಕೀಲಿ ಕೊಡಬೇಡಿ. ಸ್ವಾಧೀನ ಕೊಟ್ಟೆ ಅಂತ ಇಸಾರು ಪತ್ರದಲ್ಲಿ ಬರೆದರೆ ಅದಕ್ಕೂ ಖರೀದಿ ಪತ್ರದ ಲೆಕ್ಕದಲ್ಲೇ ಮುದ್ರಾಂಕ ಬೀಳುತ್ತದೆ. ಜೆಸ್ಕಾಂ (ಕರೆಂಟು) ಮತ್ತು ನೀರಿನ ಬಾಕಿ ತೀರಿಸಿ ರಸೀದಿ ಕೊಡಿ. ಕೊಂಡವರು ಆ ರಸೀದಿ ಇಟ್ಟುಕೊಂಡೇ ಕರೆಂಟಿನ ಆರ್‌ಆರ್ (ಸಂಪರ್ಕದ) ನಂಬರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ.