ಕಣದ ಬಿರುಕಿನ ದಾಯಾದಿ

ನಮ್ಮ ಕಾಫಿ ಕಣದ ಸಿಮೆಂಟು ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬಿರುಕಿನಲ್ಲೆಲ್ಲ ಒಂದು ಪುಟ್ಟ ಗಿಡ ಎದ್ದಿರುತ್ತದೆ. ನಮ್ಮ ಸಕಲೇಶಪುರದ ಕಡೆ ಯಾರೂ ಅದನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಕಳೆ, ಅಷ್ಟೆ. ಕಾಫಿ ಹಣ್ಣು ಹರಡುವ ಮುಂಚೆ ಕಣ ಕೆರೆಸಬೇಕಲ್ಲ, ಆಗ ಇದೂ ಕಸದ ಬುಟ್ಟಿಗೆ ಹೋಗುತ್ತದೆ.

ಹೋದ ವರ್ಷ ಸುಮ್ನೆ ಕುಕ್ಕರುಗಾಲಲ್ಲಿ ಕೂತು ಒಂದು ಗಿಡ ಕಿತ್ತು ನೋಡಿದೆ. ನೋಡಬಾರದಿತ್ತು. ಅದು ಕಾಫಿಯ ನೆಂಟ!

ಪುಸ್ತಕದಲ್ಲಿ ಇದರ ಹೆಸರು ಓಲ್ಡನ್‌ಲ್ಯಾಂಡಿಯ ಕೋರಿಂಬೋಸ. ಗಿಡಕ್ಕಿಂತ ಹೆಸರೇ ಉದ್ದ. ಕೇರಳದ ವೈದ್ಯರು ಜ್ವರದ ಕಷಾಯಕ್ಕೆ ಪರ್ಪಟಕ ಅಂತ ಹಾಕುವುದು ಇದನ್ನೇ. ದಂಟು ದಾರದಷ್ಟು ಸಣ್ಣ, ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತದೆ. ಕಿರಿದಾದ ಎಲೆಗಳು ಎದುರುಬದುರು, ಜೋಡಿ ಜೋಡಿ. ಆ ಜೋಡಿಯ ಬುಡದ ನಡುವೆ ಒಂದು ತೆಳ್ಳನೆಯ ಪೊರೆ, ಅದರ ಅಂಚಿಗೆ ಗಡ್ಡದ ಹಾಗೆ ಒಂದಷ್ಟು ಬಿರುಗೂದಲು. ಗುಟ್ಟು ಇರುವುದು ಇಲ್ಲೇ. ಕಾಫಿಯ ಎಳೆ ಚಿಗುರಿನ ಗೆಣ್ಣು ನೋಡಿ, ಎರಡು ಎಲೆಗಳ ನಡುವೆ ಚೂಪಾದ ಪುಟ್ಟ ತ್ರಿಕೋನ ಕಾಣುತ್ತದೆ. ಇದೇ ವಂಶದ ಕೇಪಳ ಹೂವಿನ ಗಿಡದಲ್ಲೂ ಇದೆ. ಅಜ್ಜನ ಮೂಗು ಮೊಮ್ಮಕ್ಕಳಿಗೆಲ್ಲ ಬಂದ ಹಾಗೆ.

ಹೂವಂತೂ ಅಕ್ಕಿ ನುಚ್ಚಿನಷ್ಟು. ಬಿಳಿ, ಕೆಲವೊಮ್ಮೆ ತುಸು ನಸುಗೆಂಪು. ನಾಲ್ಕೇ ಎಸಳು. ಅರೇಬಿಕಾ ಕಾಫಿಯ ಹೂವಿಗೆ ಐದು. ಒಂದು ಕಡಿಮೆ ಆಯಿತು ಅಂತ ನೆಂಟಸ್ತಿಕೆ ತಪ್ಪುತ್ತದಾ? ಕಾಯಿ ಎರಡರಲ್ಲೂ ಹೂವಿನ ಕೆಳಗೇ ಕಟ್ಟುತ್ತದೆ. ಕಾಫಿ ಹಣ್ಣಿನ ತುದಿಯಲ್ಲಿ ಹೊಕ್ಕುಳಿನಂಥ ಗುರುತು ಇರುತ್ತದಲ್ಲ, ಹೂ ಕೂತಿದ್ದ ಜಾಗ ಅದು. ಈ ಬಡಪಾಯಿಯ ಕಾಯಿ ಸಾಸಿವೆ ಗಾತ್ರದ್ದು, ತಲೆಯ ಮೇಲೆ ನಾಲ್ಕು ಹಲ್ಲಿನ ಕಿರೀಟ. ಕಾಫಿ, ಹಣ್ಣಿಗೆ ಎರಡು ಬೀಜ ಕೊಟ್ಟು ಬೀಗುತ್ತದೆ. ಇದರೊಳಗೆ ನಶ್ಯದ ಪುಡಿಯಂಥ ಬೀಜ, ಎಣಿಸಲು ಹೋದರೆ ಉಸಿರಿಗೇ ಹಾರಿಹೋಗುತ್ತವೆ.

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಒಂದೇ ಪುಸ್ತಕದಲ್ಲಿ ಇವೆರಡಕ್ಕೂ ಹೆಸರಿಟ್ಟ. ಆಮೇಲೆ ಒಂದಕ್ಕೆ ನೆರಳು, ಗೊಬ್ಬರ, ಸ್ಪ್ರಿಂಕ್ಲರ್ ನೀರು. ಬಾಬಾ ಬುಡನ್ ಕಾಫಿಯ ಏಳು ಬೀಜ ತಂದ ಕತೆ ಚಿಕ್ಕಮಗಳೂರಿನ ಮಕ್ಕಳಿಗೂ ಬಾಯಿಪಾಠ. ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾದರೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ಫೋಟೋ ತೆಗೆಯುತ್ತಾರೆ. ಇನ್ನೊಂದು ಅವರ ಚಪ್ಪಲಿ ಕೆಳಗೆ.

ಈ ಸಲ ಕಣ ಕೆರೆಯುವ ದಿನ, ಮೂಲೆಯ ಒಂದು ಗಿಡ ಮಾತ್ರ ಬಿಡಿ ಅಂದೆ. ಕೆಲಸದ ಅಕ್ಕ ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಔಷಧಿಗಾ ಅಣ್ಣ?"

"ಅಲ್ಲಕ್ಕ, ಇದು ಕಾಫಿ ಜಾತಿದು."

ಬಗ್ಗಿ ನೋಡಿದರು. "ಇದರಲ್ಲಿ ಎಷ್ಟು ಮೂಟೆ ಆಗ್ತದೆ?" ಅಂದು, ನಗುತ್ತಾ ಪಕ್ಕದ ಬಿರುಕಿಗೆ ಕತ್ತಿ ಹಾಕಿದರು.