ಎಡನೀರು ಶ್ರೀಗಳ ಮೊಕದ್ದಮೆ ಭಾಷೆಯದ್ದಲ್ಲ

ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಎಡನೀರು ಮಠದ ಕೇಶವಾನಂದ ಭಾರತಿ ಶ್ರೀಗಳು ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದರಿಂದಲೇ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಲಿಯುವ ಹಕ್ಕು ಸಿಕ್ಕಿತು.’ ಇದು ಸರಿಯಲ್ಲ.

ಮೊಕದ್ದಮೆ ಶುರುವಾದದ್ದು ಮಠದ ಜಮೀನಿನಿಂದ. ಕೇರಳದ ಭೂಸುಧಾರಣಾ ಕಾನೂನನ್ನು ಶ್ರೀಗಳು 1970ರಲ್ಲಿ ಪ್ರಶ್ನಿಸಿದರು. ಆಮೇಲೆ ಪ್ರಶ್ನೆಯೇ ದೊಡ್ಡದಾಯಿತು: ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು? 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಉತ್ತರ ಕೊಟ್ಟಿತು. ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ. ಇಡೀ ದೇಶಕ್ಕೇ ದೊಡ್ಡ ಕೊಡುಗೆ ಅದು. ಆದರೆ ಕನ್ನಡ ಶಾಲೆಯ ತಕರಾರು ಅಲ್ಲಿರಲಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಆಧಾರ ಸಂವಿಧಾನದ 350ಎ ವಿಧಿ. ಅದು ಬಂದದ್ದು 1956ರಲ್ಲಿ, ಏಳನೇ ತಿದ್ದುಪಡಿಯ ಮೂಲಕ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ.

ಗಡಿ ಬದಲಾದಾಗ ಇಲ್ಲಿನ ಕನ್ನಡಿಗರು ಮಠ, ದೇವಸ್ಥಾನ, ಯಕ್ಷಗಾನವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಶ್ರೀಗಳೂ ಯಕ್ಷಗಾನ, ಸಂಗೀತಕ್ಕೆ ಆಸರೆಯಾಗಿದ್ದರು. ಹಾಗಾಗಿ ಶ್ರೀಗಳ ಮೊಕದ್ದಮೆ, ಕನ್ನಡ ಕಲಿಯುವ ಹಕ್ಕು ಎರಡೂ ಸೇರಿ ಒಂದೇ ಕಥೆಯಾದದ್ದು ಸಹಜ, ಅಲ್ವಾ? ಅವರ ಮೇಲಿನ ಗೌರವ ನನಗೂ ಇದೆ. ಅದಕ್ಕೆ ಈ ಕಥೆ ಬೇಕಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಶಾಲೆಯಲ್ಲಿ ಕನ್ನಡ ಬೇಕೆಂದು ಅರ್ಜಿ ಹಾಕುವವರು 350ಎ ವಿಧಿಯನ್ನೇ ಬರೆಯಿರಿ. ತಪ್ಪು ಆಧಾರ ಕೊಟ್ಟರೆ ಅರ್ಜಿಯೇ ಬಡವಾಗುತ್ತದೆ.