ಕೈಯಿಂದ ಎಸೆದರೆ ದಂಡ, ಪೈಪಿನಲ್ಲಿ ಬಿಟ್ಟರೆ ಯೋಜನೆ

ಮೀನಿನ ಬೋಟುಗಳು ಬಂದು ನಿಲ್ಲುವ ನಮ್ಮ ದಕ್ಕೆಗೂ ಕೊನೆಗೆ ಒಂದು ಮೀನು ಸ್ವಚ್ಛತಾ ಕೇಂದ್ರ ಬಂತು. ಊರಿನ ಹೆಸರು ಬೇಡ. ಕಾರವಾರದಿಂದ ಉಳ್ಳಾಲದವರೆಗೆ ಯಾರು ಓದಿದರೂ ತಮ್ಮೂರಿನದ್ದೇ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಕಡಪ ಕಲ್ಲಿನ ಕಟ್ಟೆ, ಗೋಡೆಗೆ ಬಿಳಿ ಟೈಲ್ಸ್, ಸಾಲಾಗಿ ನಲ್ಲಿಗಳು, ಇವೆಲ್ಲಕ್ಕಿಂತ ದೊಡ್ಡದಾಗಿ ಒಂದು ಗ್ರಾನೈಟ್ ಫಲಕ. ಫಲಕದಲ್ಲಿ ಎಷ್ಟು ಹೆಸರಿವೆ ಅಂದರೆ, ಅವರೆಲ್ಲ ಬಂದು ತಲೆಗೊಂದು ಬಂಗುಡೆ ಕೊಯ್ದು ಹೋದರೂ ಬೆಳಗಿನ ವ್ಯಾಪಾರ ಮುಗಿಯುತ್ತದೆ.

ಕಟ್ಟೆ ಸೊಂಟದೆತ್ತರಕ್ಕಿದೆ. ಇದರ ನಕ್ಷೆ ಬರೆದವರು ಮೀನು ಕೊಯ್ಯುವುದನ್ನು ಯಾವತ್ತೂ ನೋಡಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲಿನ ಹೆಂಗಸರು ನೆಲದಲ್ಲಿ ಕೂತು, ಮೆಟ್ಟುಕತ್ತಿಯನ್ನು ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮೀನು ಹಿಡಿದು ಕೊಯ್ಯುವವರು. ಅಂಜಲ್ ತುಂಡು ಮಾಡುವುದಿರಲಿ, ಕಾಣೆಯ ಹೊಟ್ಟೆ ತೆಗೆಯುವುದಿರಲಿ, ಕೂತೇ ಆಗಬೇಕು. ಹೊಸ ಕಟ್ಟೆಯಲ್ಲಿ ಕೆಲಸ ಮಾಡಬೇಕೆಂದರೆ ಅದರ ಮೇಲೆ ಹತ್ತಿ ಕೂರಬೇಕು. ಒಬ್ಬ ಅಕ್ಕ ಹತ್ತಿ ಕೂತೂ ನೋಡಿದರು. ಗಿರಾಕಿಯೊಬ್ಬ ಕೈ ಮುಗಿದು "ತೀರ್ಥ ಯಾವಾಗ ಕೊಡ್ತೀರಿ ಅಕ್ಕ?" ಅಂತ ಕೇಳಿದ ಮೇಲೆ ಇಳಿದುಬಿಟ್ಟರು. ಈಗ ಎಲ್ಲರೂ ಕೇಂದ್ರದ ಹೊರಗೆ, ಅದರ ಗೋಡೆಯ ನೆರಳಿನಲ್ಲಿ ಕೂತು ಕೊಯ್ಯುತ್ತಾರೆ. ನೆರಳಂತೂ ಸಿಕ್ಕಿತಲ್ಲ, ಯೋಜನೆ ಪೂರ್ತಿ ದಂಡ ಅನ್ನೋಕಾಗಲ್ಲ.

ಒಳಗೆ ಕಟ್ಟೆಯ ಕೆಳಗೆ ಒಂದು ಚರಂಡಿ ಇದೆ. ಚರಂಡಿಯಿಂದ ಒಂದು ದಪ್ಪ ಪೈಪು ಹೊರಟಿದೆ. ಪೈಪಿನ ಇನ್ನೊಂದು ತುದಿ ಎಲ್ಲಿ ಅಂತ ಹುಡುಕಿಕೊಂಡು ಹೋದರೆ ಸೀದಾ ದಕ್ಕೆಯ ನೀರಿಗೇ. ಅದರ ಮೇಲೆಯೇ ಬೋರ್ಡು: 'ನೀರಿಗೆ ಮೀನಿನ ತ್ಯಾಜ್ಯ ಎಸೆದರೆ ದಂಡ ವಿಧಿಸಲಾಗುವುದು.' ಸರಿಯಾಗೇ ಇದೆ. ಬೋರ್ಡಿನಲ್ಲಿ ಇರುವುದು ಎಸೆದರೆ ಅಂತ, ಹರಿಸಿದರೆ ಅಂತ ಅಲ್ಲ.

"ಸಮುದ್ರದ್ದು ಸಮುದ್ರಕ್ಕೇ ಹೋಯ್ತು, ಅದರಲ್ಲೇನು ತಪ್ಪು ಮಾರಾಯ್ರೆ?" ಅಂತ ವಾದಿಸುವವರೂ ಇದ್ದಾರೆ. ಒಳ್ಳೆಯ ವಾದ, ದಕ್ಕೆ ಸಮುದ್ರ ಆಗಿದ್ದರೆ. ಬೋಟುಗಳು ವಾರಗಟ್ಟಲೆ ಆಳ ಸಮುದ್ರ ಸುತ್ತಿ ಹಿಡಿದು ತಂದ ಮೀನಿನ ತಲೆ, ಕರುಳು, ಪೊರೆಯನ್ನೆಲ್ಲ ಅಲೆ ಬಾರದ ಹಾಗೆ ತಡೆಗೋಡೆ ಕಟ್ಟಿದ ಒಂದು ಮೂಲೆಗೆ ಸುರಿಯುತ್ತೇವೆ. ಅಲ್ಲಿ ನೀರು ಸರಿಯಾಗಿ ಅಲುಗಾಡುವುದೂ ಇಲ್ಲ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗುತ್ತದೆ, ಆಮೇಲೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಇಷ್ಟು ಆಳದ ವಿಜ್ಞಾನ ಮೂಗಿದ್ದವರಿಗೆಲ್ಲ ಗೊತ್ತು.

ಹಾಗಾದರೆ ಕಸದ ಗಾಡಿಗೆ ಕೊಡಬಹುದಲ್ವಾ? ಘನತ್ಯಾಜ್ಯ ನಿಯಮದ ಪ್ರಕಾರ ಕೊಳೆಯುವುದೆಲ್ಲ ಹಸಿ ಕಸವೇ. ಮೀನಿನ ತಲೆ ಕೊಳೆಯುವುದಿಲ್ಲ ಅಂತ ಯಾರೂ ಹೇಳಿಲ್ಲ. ಆದರೆ ನಮ್ಮ ಗಾಡಿಯವರ ಲೆಕ್ಕದಲ್ಲಿ ಹಸಿ ಕಸ ಅಂದರೆ ಬೆಂಡೆಕಾಯಿ ತೊಟ್ಟು, ಬಾಳೆಹಣ್ಣಿನ ಸಿಪ್ಪೆ, ಹೆಚ್ಚೆಂದರೆ ಮೊನ್ನೆಯ ಉಪ್ಪಿಟ್ಟು. ಮೀನಿನ ಬಕೆಟ್ ಕಂಡರೆ ಗಾಡಿ ನಿಲ್ಲುವುದೇ ಇಲ್ಲ, ಹಾಡು ಹಾಕಿಕೊಂಡು ಮುಂದೆ ಹೋಗುತ್ತದೆ. ದಕ್ಕೆ ಗೇಟಿನ ಒಳಗಿನದ್ದು ಒಂದು ಇಲಾಖೆಗೆ, ಹೊರಗಿನದ್ದು ಇನ್ನೊಂದಕ್ಕೆ. ಗೇಟಿನ ಕೆಳಗೆ ಬಿದ್ದದ್ದು ನಾಯಿಗೆ. ಮನೆಗಳ ಕಥೆ ಇನ್ನೂ ಚಂದ. ಭಾನುವಾರದ ಮೀನಿನ ಕಸವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಗಾಡಿ ಬರುವವರೆಗೆ ಐಸ್‌ಕ್ರೀಮಿನ ಪಕ್ಕ ಫ್ರೀಜರಿನಲ್ಲಿ ಇಟ್ಟು ಕಾಪಾಡುವ ಸಂಸಾರಗಳು ನಮ್ಮಲ್ಲಿವೆ. ಮೀನಿಗೂ ಸಿಗದ ಮರ್ಯಾದೆ ಅದರ ಕರುಳಿಗೆ!

ಇದರಲ್ಲಿ ನಗು ಬಾರದ ಸಂಗತಿ ಒಂದಿದೆ. ಈ ಕಸ ನಿಜವಾಗಿ ಕಸವೇ ಅಲ್ಲ. ನಮ್ಮ ಅಜ್ಜಂದಿರು ಇದನ್ನು ತೆಂಗಿನ ಬುಡಕ್ಕೆ ಹೂಳುತ್ತಿದ್ದರು. ಈಗ ಸಹಜ ಕೃಷಿಯವರು ಮೀನಿನ ತ್ಯಾಜ್ಯಕ್ಕೆ ಅಷ್ಟೇ ತೂಕದ ಬೆಲ್ಲ ಸೇರಿಸಿ, ಮುಚ್ಚಿಟ್ಟು, ಕೆಲವು ವಾರದ ಮೇಲೆ ಸೋಸಿ, ನೀರು ಬೆರೆಸಿ ಗಿಡಕ್ಕೆ ಸಿಂಪಡಿಸುತ್ತಾರೆ. ತ್ಯಾಜ್ಯವನ್ನು ಅರೆದು ಸ್ವಲ್ಪ ಫಾರ್ಮಿಕ್ ಆಮ್ಲ ಬೆರೆಸಿದರೆ ಅದು ಕೊಳೆಯದೆ ದ್ರವವಾಗುತ್ತದೆ, ಪ್ರಾಣಿಗಳ ಆಹಾರಕ್ಕೆ ಆಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇಂಥದ್ದನ್ನೆಲ್ಲ ಮಾಡಿ ತೋರಿಸಿದ್ದಾರೆ. ಸಿಗಡಿ ಸಿಪ್ಪೆಯಿಂದ ಕೈಟೋಸಾನ್ ಅನ್ನುವ, ಔಷಧಿಗೂ ಕೃಷಿಗೂ ಬಳಸುವ ವಸ್ತು ತೆಗೆಯುತ್ತಾರೆ, ಅದಕ್ಕೆ ಒಳ್ಳೆಯ ಬೆಲೆಯೂ ಇದೆ. ಅತ್ತ ಮಲ್ಲಿಗೆ ಬೆಳೆಯುವವರು ಅಂಗಡಿಯಿಂದ ಗೊಬ್ಬರದ ಚೀಲ ಹೊತ್ತು ತರುತ್ತಾರೆ, ಇತ್ತ ನಾವು ಗೊಬ್ಬರವನ್ನು ನೀರಿಗೆ ಬಿಡಲು ಪೈಪು ಹಾಕಿಸುತ್ತೇವೆ. ಷರತ್ತು ಒಂದೇ, ತ್ಯಾಜ್ಯ ತಾಜಾ ಇರುವಾಗಲೇ ಎತ್ತಬೇಕು. ಎತ್ತುವವರು ಬೇಕು. ಅಲ್ಲಿಗೆ ಕಥೆ ನಿಲ್ಲುತ್ತದೆ.

ಸದ್ಯಕ್ಕೆ ಎತ್ತುತ್ತಿರುವುದು ಕಾಗೆ, ಹದ್ದು, ಬೆಳ್ಳಕ್ಕಿ, ನಾಯಿ. ಸಂಬಳ ಇಲ್ಲ, ರಜೆ ಇಲ್ಲ, ಟೆಂಡರ್ ಇಲ್ಲ. ಮುಷ್ಕರ ಅಂತೂ ಯಾವತ್ತೂ ಮಾಡಿಲ್ಲ.

ಕೇಂದ್ರ ಹೇಗೆ ನಡೆಯುತ್ತಿದೆ ಅಂತ ಪರಿಶೀಲಿಸಲು ತಂಡವೂ ಬಂದಿತ್ತು. ಬಂದದ್ದು ಜುಲೈಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಂತ ಇಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಬೋಟುಗಳೆಲ್ಲ ಲಂಗರು ಹಾಕಿ ನಿಂತಿದ್ದವು. ಮೀನಿಲ್ಲ, ಕರುಳಿಲ್ಲ, ಮಳೆ ಬಂದು ನೆಲ ತೊಳೆದಿತ್ತು. ಅವರು ಕೊಡೆ ಹಿಡಿದು ಕಟ್ಟೆಯ ಮುಂದೆ ಫೋಟೋ ತೆಗೆಸಿಕೊಂಡರು, ನಲ್ಲಿ ತಿರುಗಿಸಿ ನೋಡಿದರು. ನೀರು ಬರಲಿಲ್ಲ, ಹೊರಗೆ ಧಾರಾಳ ಸುರಿಯುತ್ತಿತ್ತು. ವಾಸನೆ ಇಲ್ಲ, ನೊಣ ಇಲ್ಲ, 'ನಿರ್ವಹಣೆ ತೃಪ್ತಿಕರ' ಅಂತ ಬರೆದುಕೊಂಡರು.

ಹೊರಡುವಾಗ, ಏನಾದರೂ ಬೇಡಿಕೆ ಇದೆಯಾ ಅಂತ ಹೆಂಗಸರನ್ನು ಕೇಳಿದರಂತೆ. ಆ ಅಕ್ಕನೇ ಹೇಳಿದರು: "ಕೂತ್ಕೊಳ್ಳೋಕೆ ತಗ್ಗಿನ ಕಟ್ಟೆ, ನಲ್ಲಿಗೆ ನೀರು, ಮುಚ್ಚಳ ಇರೋ ನಾಲ್ಕು ಡ್ರಮ್ಮು, ದಿನಕ್ಕೆ ಎರಡು ಸಲ ಡ್ರಮ್ಮು ಎತ್ತೋಕೆ ಒಂದು ಗಾಡಿ. ಇಷ್ಟೇ ಸ್ವಾಮಿ."

ತಂಡದವರು ಬರೆದುಕೊಂಡು, ಲೆಕ್ಕ ಹಾಕಿ, ಬೇಜಾರಿನಿಂದಲೇ ತಲೆ ಆಡಿಸಿದರು.

"ಇಷ್ಟು ಸಣ್ಣ ಮೊತ್ತಕ್ಕೆ ಶಂಕುಸ್ಥಾಪನೆ ಮಾಡೋಕಾಗಲ್ಲ ಅಕ್ಕ."